ಬೆಜವಾಡದ ಗುಹೆಗಳು, ಸಿಂಹಾಚಲದ ಗುಡಿ: ಕನ್ನಡ ನಂಟಿನ ಒಂದು ಪರಿಶೀಲನೆ

ವೇಂಗಿ ಮತ್ತು ದಕ್ಷಿಣ ಕಳಿಂಗ ದೇಶಗಳ ಪ್ರಾಚೀನ ಕಟ್ಟಡಗಳನ್ನು ಕುರಿತು ಕನ್ನಡದಲ್ಲಿ ಬರೆಯುವವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುವುದುಂಟು. ಬಾದಾಮಿಯ ಚಲುಕ್ಯವಂಶದ ಕವಲೊಂದು ಅಲ್ಲಿ ನೆಲಸಿ ನಾಲ್ಕು ಶತಮಾನಗಳಿಗೂ ಮಿಗಿಲಾಗಿ ಆಳಿತು, ಆದುದರಿಂದ ಅಲ್ಲಿಯ ಗುಹೆಗುಡಿಗಳೆಲ್ಲ ನಮ್ಮವೇ ಎಂದು ಹೆಮ್ಮೆಪಡುವುದು ಒಂದು ದಾರಿ. ಭಾಷೆ ಬೇರೆಯಾದ ಮೇಲೆ ಆ ಕಲ್ಲುಗಳ ವಿಚಾರ ನಮಗೇಕೆ ಎಂದು ಸುಮ್ಮನಾಗುವುದು ಇನ್ನೊಂದು. ಈ ಎರಡರಿಂದಲೂ ಇತಿಹಾಸಕ್ಕೆ ನಷ್ಟವೇ. ಮೊದಲನೆಯದು ಇಲ್ಲದ ನಂಟನ್ನು ಕಟ್ಟುತ್ತದೆ. ಎರಡನೆಯದು ಇರುವ ನಂಟನ್ನು ಕಾಣದೆ ಹೋಗುತ್ತದೆ. ಇಂದಿನ ವಿಜಯವಾಡ ಮತ್ತು ವಿಶಾಖಪಟ್ಟಣ ಎಂಬ ಎರಡು ನಗರಗಳ ಸುತ್ತಣ ಪ್ರಸಿದ್ಧ ಸ್ಮಾರಕಗಳನ್ನು ಮುಂದಿಟ್ಟುಕೊಂಡು, ಯಾವುದನ್ನು ನಾವು ನಮ್ಮದೆನ್ನಬಹುದು, ಯಾವುದನ್ನು ಎನ್ನಲಾಗದು, ಯಾವುದು ಇಬ್ಬರಿಗೂ ಸೇರಿದ್ದು ಎಂಬುದನ್ನು ಶಾಸನಗಳ ಆಧಾರದಿಂದ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಬೆಜವಾಡದ ಗುಹೆಗಳನ್ನು ತೆಗೆದುಕೊಳ್ಳೋಣ. ಕೃಷ್ಣಾನದಿಯ ದಕ್ಷಿಣದ ದಡದಲ್ಲಿ, ನಗರಕ್ಕೆ ಎರಡು ಹರಿದಾರಿಯೊಳಗೆ, ಉಂಡವಲ್ಲಿಯ ಬೆಟ್ಟದ ಪಾರ್ಶ್ವವನ್ನು ಕೊರೆದು ಮಾಡಿದ ನಾಲ್ಕು ಅಂತಸ್ತುಗಳ ಗುಹಾಲಯವಿದೆ. ಒಂದರ ಮೇಲೊಂದಾಗಿ ಹಿಂದಕ್ಕೆ ಸರಿಯುತ್ತ ಏರುವ ಈ ಅಂತಸ್ತುಗಳಲ್ಲಿ ತುದಿಯದು ಅಪೂರ್ಣವಾಗಿಯೇ ಉಳಿದಿದೆ. ಒಳಗೆ, ಬಂಡೆಯಲ್ಲೇ ಕಡೆದ ಶೇಷಶಾಯಿ ವಿಷ್ಣುವಿನ ಮಹಾಮೂರ್ತಿ ಗೋಡೆಯ ಉದ್ದಕ್ಕೂ ಮೈಚಾಚಿ ಮಲಗಿದೆ. ನದಿಯ ಈಚೆ, ನಗರದೊಳಗಿನ ಮೊಗಲರಾಜಪುರದ ಬೆಟ್ಟದಲ್ಲಿ ಐದು ಸಣ್ಣ ಗುಹೆಗಳಿವೆ. ಅವುಗಳ ಶಿಲ್ಪ ಬಹಳಮಟ್ಟಿಗೆ ಸವೆದುಹೋಗಿದ್ದರೂ ನಟರಾಜ, ವಿನಾಯಕ, ಅರ್ಧನಾರೀಶ್ವರರನ್ನು ಗುರುತಿಸಬಹುದಾಗಿದೆ. ಇಂದ್ರಕೀಲಾದ್ರಿಯ ಬುಡದಲ್ಲಿರುವ ಗುಹೆಗಳಿಗೆ ಅಕ್ಕನ್ನ-ಮಾದನ್ನರ ಗುಹೆಗಳೆಂಬ ಹೆಸರು. ಅಕ್ಕನ್ನ ಮಾದನ್ನರು ಗೋಲ್ಕೊಂಡದ ಕೊನೆಯ ಸುಲ್ತಾನ ಅಬುಲ್ ಹಸನ್ ತಾನಾಷಾನ ಮಂತ್ರಿಗಳು, ೧೬೮೬ರಲ್ಲಿ ಕೊಲೆಯಾದರು. ಗುಹೆಗಳಾದರೋ ಅವರಿಗಿಂತ ಸಾವಿರ ವರ್ಷ ಹಳೆಯವು. ಹೆಸರನ್ನು ನಂಬಿ ಕಟ್ಟಡದ ಕಾಲ ಹೇಳಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ಗುಹೆಗಳನ್ನು ಕೊರೆಸಿದವರು ಯಾರು? ಫ್ರೆಂಚ್ ವಿದ್ವಾಂಸ ಜುವೋ-ಡುಬ್ರೆಯಿಲ್ ಅವರು ಇವನ್ನು ಚಲುಕ್ಯರಿಗಿಂತ ಮೊದಲು ಈ ದೇಶವನ್ನಾಳಿದ ವಿಷ್ಣುಕುಂಡಿಗಳವೆಂದು ನಿರ್ಣಯಿಸಿದರು. ಪಲ್ಲವ ಮಹೇಂದ್ರವರ್ಮನು ತಮಿಳುನಾಡಿನಲ್ಲಿ ಕೊರೆಸಿದ ಗುಹಾಲಯಗಳಿಗೆ ಮಾದರಿ ದೊರೆತದ್ದು ಕೃಷ್ಣೆಯ ಈ ದಡದಲ್ಲಿಯೇ ಎಂಬುದು ಅವರ ವಾದ. ಕೆ. ಆರ್. ಶ್ರೀನಿವಾಸನ್ ಅವರು ಅದನ್ನೊಪ್ಪದೆ, ಬೆಜವಾಡದ ಗುಹೆಗಳು ಪೂರ್ವ ಚಲುಕ್ಯರ ಕಾಲದವೆಂದು ಅಭಿಪ್ರಾಯಪಟ್ಟರು. ಎರಡನೆಯ ಮತ ನಮಗೆ ಹಿತವಾದದ್ದು. ಆದಕಾರಣವೇ ಅದನ್ನು ಎಚ್ಚರಿಕೆಯಿಂದ ನೋಡಬೇಕು. ಬಾದಾಮಿಯ ಮೂರನೆಯ ಗುಹೆಯಲ್ಲಿ ಶಕ ೫೦೦ರ, ಎಂದರೆ ಕ್ರಿ.ಶ. ೫೭೮ರ, ಮಂಗಲೇಶನ ಶಾಸನವಿರುವುದರಿಂದ ಅದರ ಕಾಲದ ಬಗೆಗೆ ವಾದಕ್ಕೆಡೆಯಿಲ್ಲ. ಬೆಜವಾಡದಲ್ಲಿ ಅಂಥ ಶಾಸನಾಧಾರವಿಲ್ಲ. ಕಾಲನಿರ್ಣಯವೆಲ್ಲ ಕಂಬದ ಆಕಾರ, ಗೂಡುಗಳ ರೂಪ, ಮೂರ್ತಿಗಳ ಲಕ್ಷಣ ಇವುಗಳ ಮೇಲೆಯೇ ನಿಂತಿದೆ. ಬಾದಾಮಿಯ ಗುಹೆಗಳಲ್ಲಿ ಮುಖಮಂಟಪ, ಕಂಬಗಳ ಸಾಲುಳ್ಳ ನಡುಮಂಟಪ, ಹಿಂಬದಿಯ ಗೋಡೆಯಲ್ಲಿ ಗರ್ಭಗೃಹ ಎಂಬ ಸ್ಪಷ್ಟವಾದ ಅನುಕ್ರಮವಿದೆ. ಕಂಬಗಳ ಮೇಲಣ ಬೋದಿಗೆಗಳಲ್ಲಿ ದಂಪತಿಗಳ ವಿಗ್ರಹಗಳು ಒಲೆದು ನಿಂತಿವೆ. ಮೊಗಲರಾಜಪುರದ ಕಂಬಗಳು ಗಿಡ್ಡ, ದಪ್ಪ, ಅಲಂಕಾರ ಕಡಮೆ. ಬಾದಾಮಿಯ ಶಿಲ್ಪಿ ಇಲ್ಲಿಗೆ ಬಂದು ಉಳಿಯೆತ್ತಿದನೆಂದು ಹೇಳುವುದಕ್ಕೆ ನನ್ನ ಮಟ್ಟಿಗೆ ಯಾವ ಆಧಾರವೂ ಕಾಣಿಸದು. ದೊರೆ ಚಲುಕ್ಯನೇ ಆಗಿದ್ದರೂ ಕೆಲಸ ಮಾಡಿದ ಕೈ ಕೃಷ್ಣಾತೀರದ್ದು. ಗುಹೆಗಳ ವಿಚಾರದಲ್ಲಿ ನಮ್ಮ ಹಕ್ಕು ಇಷ್ಟು ದುರ್ಬಲವಾದದ್ದು.

ಆದರೆ ಕಲ್ಲಿನ ಕಟ್ಟಡ ಹೇಳದೆ ಬಿಟ್ಟದ್ದನ್ನು ತಾಮ್ರಪಟಗಳು ಹೇಳುತ್ತವೆ. ಇಮ್ಮಡಿ ಪುಲಕೇಶಿಯ ತಮ್ಮನಾದ ಕುಬ್ಜ ವಿಷ್ಣುವರ್ಧನನು ಮೊದಲು ಪಶ್ಚಿಮದಲ್ಲಿದ್ದು, ಅನಂತರ ವೇಂಗಿಯ ಅಧಿಪತಿಯಾದನು. ಅವನ ಹೆಂಡತಿ ಅಯ್ಯಣ ಮಹಾದೇವಿ ಬೆಜವಾಡದ ನಡುಂಬಿ ಬಸದಿಗೆ ಒಂದು ಹಳ್ಳಿಯನ್ನು ದಾನಮಾಡಿದಳೆಂದೂ, ಎಂಟನೆಯ ಶತಮಾನದಲ್ಲಿ ಮೂರನೆಯ ವಿಷ್ಣುವರ್ಧನನು ಆ ದತ್ತಿಯನ್ನು ನವೀಕರಿಸಿದನೆಂದೂ ಮುಸಿನಿಕೊಂಡದ ತಾಮ್ರಶಾಸನದಿಂದ ತಿಳಿದುಬರುತ್ತದೆ. ಕನ್ನಡನಾಡಿನ ರಾಜಕುಟುಂಬವೊಂದು ಹೊಸ ನಾಡಿಗೆ ಬಂದ ಮೊದಲ ತಲೆಮಾರಿನಲ್ಲೇ ಅಲ್ಲಿ ಮಾಡಿದ ಧರ್ಮಕಾರ್ಯ ಇದು. ಉಂಡವಲ್ಲಿಯನ್ನು ನೋಡಲು ಸಾವಿರಾರು ಜನ ಹೋಗುತ್ತಾರೆ. ನಮ್ಮ ನಂಟು ನಿಸ್ಸಂದೇಹವಾಗಿದ್ದ ಆ ಬಸದಿ ಮಾತ್ರ ಈಗ ಇಲ್ಲ. ಉಳಿದ ಕಟ್ಟಡಕ್ಕೆ ದಾಖಲೆಯಿಲ್ಲ, ದಾಖಲೆಯಿರುವುದರ ಕಟ್ಟಡ ಉಳಿದಿಲ್ಲ. ಪೂರ್ವತೀರದ ಇತಿಹಾಸವನ್ನು ಅಭ್ಯಾಸಮಾಡುವವರಿಗೆ ಇದು ಮತ್ತೆ ಮತ್ತೆ ಎದುರಾಗುವ ಕಷ್ಟ.

ಕುಬ್ಜ ವಿಷ್ಣುವರ್ಧನನ ಕುರುಹು ವಿಶಾಖಪಟ್ಟಣದ ಕಡೆಯಲ್ಲಿಯೂ ಇದೆ. ಅವನ ಚೀಪುರುಪಲ್ಲಿ ಮತ್ತು ತಿಮ್ಮಾಪುರದ ತಾಮ್ರಶಾಸನಗಳು ಹಿಂದಿನ ವಿಶಾಖಪಟ್ಟಣ ಜಿಲ್ಲೆಯಲ್ಲಿ ದೊರೆತವು. ಚೀಪುರುಪಲ್ಲಿಯ ಶಾಸನ ಅವನ ಆಳ್ವಿಕೆಯ ಹದಿನೆಂಟನೆಯ ವರ್ಷದ್ದು. ಅದರಲ್ಲಿ ಶ್ರಾವಣಮಾಸದ ಚಂದ್ರಗ್ರಹಣದ ಉಲ್ಲೇಖವಿದೆ. ಆ ಗ್ರಹಣದ ಗಣನೆಯೇ ವೇಂಗಿ ಚಲುಕ್ಯರ ಕಾಲನಿರ್ಣಯದ ಮುಖ್ಯ ಆಧಾರಗಳಲ್ಲೊಂದಾಯಿತು. ರಾಜ್ಯಾರಂಭ ೬೧೫ ಎಂದು ಕೆಲವರು, ೬೨೪ ಎಂದು ಕೆಲವರು ವಾದಿಸಿದ್ದಾರೆ. ಅನಕಾಪಲ್ಲಿಯ ಬಳಿಯ ಸಂಕರಂ ಬೆಟ್ಟಗಳಲ್ಲಿ ಅಲೆಕ್ಸಾಂಡರ್ ರೀ ಅವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಉತ್ಖನನ ನಡೆಸಿದಾಗ, ಬಂಡೆಯಲ್ಲೇ ಕಡೆದ ಸ್ತೂಪಗಳ ಮತ್ತು ವಿಹಾರಗಳ ಅವಶೇಷಗಳ ನಡುವೆ ಸಮುದ್ರಗುಪ್ತನ ಚಿನ್ನದ ನಾಣ್ಯದ ಜೊತೆಗೆ ‘ವಿಷಮಸಿದ್ಧಿ’ ಎಂಬ ಬಿರುದುಳ್ಳ ತಾಮ್ರನಾಣ್ಯಗಳೂ ಸಿಕ್ಕವು. ವಿಷಮಸಿದ್ಧಿಯೆಂದರೆ ಇದೇ ಕುಬ್ಜ ವಿಷ್ಣುವರ್ಧನ. ಬೌದ್ಧವಿಹಾರ ಅವನದೆಂದು ಇದರಿಂದ ಅರ್ಥವಲ್ಲ; ಆ ವಿಹಾರ ಅವನ ಹಿಂದಿನದು. ಬಾದಾಮಿಯಿಂದ ಬಂದವನ ನಾಣ್ಯ ಏಳನೆಯ ಶತಮಾನದಲ್ಲಿ ಅಲ್ಲಿ ಚಲಾವಣೆಯಲ್ಲಿತ್ತು, ಬೆಟ್ಟದ ಮೇಲೆ ಜನಸಂಚಾರ ಇನ್ನೂ ಇತ್ತು ಎಂಬಷ್ಟನ್ನು ಮಾತ್ರ ಅದು ತಿಳಿಸುತ್ತದೆ. ವಿಶಾಖಪಟ್ಟಣದ ಸಮುದ್ರತೀರದ ಬಾವಿಕೊಂಡ, ತೊಟ್ಲಕೊಂಡಗಳ ವಿಹಾರಗಳು ೧೯೮೦ರ ದಶಕದಿಂದೀಚೆಗಿನ ಅಗೆತಗಳಿಂದ ಬೆಳಕಿಗೆ ಬಂದವು. ನಮ್ಮ ಪ್ರಸ್ತುತ ವಿಚಾರಕ್ಕೆ ಅವುಗಳ ಸಂಬಂಧವಿಲ್ಲ.

ನಿಜವಾದ ನಂಟನ್ನು ಹುಡುಕುವವರು ಬೆಜವಾಡದಲ್ಲಿ ನೋಡಬೇಕಾದದ್ದು ಗುಹೆಯನ್ನಲ್ಲ, ಒಂದು ಕಂಬವನ್ನು. ಹತ್ತನೆಯ ಶತಮಾನದ ವೇಂಗಿ ಚಲುಕ್ಯ ಯುದ್ಧಮಲ್ಲನ ಶಾಸನ ಅದರ ಮೇಲಿದೆ. ಚೇಬ್ರೋಲಿನ ಕುಮಾರಸ್ವಾಮಿ ಜಾತ್ರೆಗೆಂದು ಬೆಜವಾಡಕ್ಕೆ ಬಂದು ಇಲ್ಲಿಯೇ ನೆಲಸಿದನೆಂದೂ, ಅವನಿಗಾಗಿ ಗುಡಿಯನ್ನೂ ಮಠವನ್ನೂ ಕಟ್ಟಿಸಲಾಯಿತೆಂದೂ ಅದರ ಸಾರ. ಮಠದಲ್ಲಿ ಗೊರಗರಲ್ಲದೆ ಇತರರು ಇರಕೂಡದು, ಇದ್ದರೆ ವಾರಣಾಸಿಯಲ್ಲಿ ಹತ್ಯೆಮಾಡಿದ ಪಾಪ ತಗಲುವುದು ಎಂದು ವಿಧಿಯಿದೆ. ಶಾಸನ ತೆಲುಗು ಪದ್ಯಗಳಲ್ಲಿದೆ, ಛಂದಸ್ಸು ಮಧ್ಯಾಕ್ಕರ. ೮೪೮-೪೯ರ ಅಡ್ಡಂಕಿಯ ಪಂಡರಂಗನ ಶಾಸನದಲ್ಲಿ ತರುವೋಜ ವೃತ್ತ ಬಂದಿದೆ. ಅದರ ಅನಂತರ ತೆಲುಗು ಪದ್ಯಸಾಹಿತ್ಯದ ಆದಿಯನ್ನು ತಿಳಿಯಲು ದೊರೆಯುವ ಅತ್ಯಮೂಲ್ಯ ಸಾಮಗ್ರಿ ಇದು. ನನ್ನಯ ಭಟ್ಟನಿಗಿಂತ ಒಂದು ಶತಮಾನ ಮೊದಲಿನದು. ಆಂಧ್ರರು ಇದನ್ನು ತಮ್ಮ ಸಾಹಿತ್ಯಚರಿತ್ರೆಯ ಹೊಸ್ತಿಲಲ್ಲಿಟ್ಟುಕೊಂಡು ಗೌರವಿಸುವುದು ಸರಿಯೇ.

ಹೀಗಿದ್ದೂ ಇದನ್ನು ಓದುವ ಕನ್ನಡಿಗನಿಗೆ ಅಪರಿಚಿತ ಮನೆಗೆ ಬಂದಂತೆ ಅನಿಸುವುದಿಲ್ಲ. ಮಠದ ಅಧಿಕಾರಿಗಳಾದ ಗೊರಗರು ನಮ್ಮ ಶಾಸನಗಳಲ್ಲಿ ಪದೇ ಪದೇ ಬರುವ ಗೊರವರೇ. ಶೈವತಪಸ್ವಿಗಳಾಗಿ ದೇವಾಲಯಗಳ ಆಡಳಿತವನ್ನು ವಹಿಸಿದ್ದವರು. ಇಂದಿಗೂ ಮೈಲಾರನ ಭಕ್ತರಲ್ಲಿ ಗೊರವಯ್ಯನೆಂಬ ಹೆಸರು ಉಳಿದಿದೆ. ಛಂದಸ್ಸನ್ನು ನೋಡಿದರಂತೂ ನಂಟು ಮತ್ತೂ ಗಾಢವಾಗಿದೆ. ಅಕ್ಕರವು ಅಂಶಗಣದ ದೇಶೀ ಬಂಧ. ಕನ್ನಡದಲ್ಲಿ ಪಿರಿಯಕ್ಕರ, ದೊರೆಯಕ್ಕರ, ನಡುವಣಕ್ಕರ, ಎಡೆಯಕ್ಕರ, ಕಿರಿಯಕ್ಕರ ಎಂಬ ಐದು ಬಗೆಗಳುಂಟು; ತೆಲುಗಿನ ಮಧ್ಯಾಕ್ಕರದ ಹೆಸರಿಗೂ ನಮ್ಮ ನಡುವಣಕ್ಕರದ ಹೆಸರಿಗೂ ಅರ್ಥ ಒಂದೇ. ಈ ಬಗೆಗಳನ್ನು ಲಕ್ಷಣೀಕರಿಸಿದ ‘ಛಂದೋಂಬುಧಿ’ಯ ನಾಗವರ್ಮನ ಪೂರ್ವಿಕರು ವೇಂಗಿಯವರು. ಯುದ್ಧಮಲ್ಲನ ಸಮಕಾಲೀನನಾದ ಪಂಪನ ಮನೆತನವೂ ವೇಂಗಿಮಂಡಲದ್ದು. ಪೊನ್ನನ ಊರಿನ ಪ್ರಸ್ತಾಪವೂ ವೇಂಗಿ ವಿಷಯಕ್ಕೇ ನಮ್ಮನ್ನು ಕರೆದೊಯ್ಯುತ್ತದೆ. ‘ವಿಕ್ರಮಾರ್ಜುನವಿಜಯ’ದಲ್ಲಿ ಪಂಪನು ಪಿರಿಯಕ್ಕರವನ್ನು ಎಷ್ಟು ಸಲೀಸಾಗಿ ಬಳಸಿದ್ದಾನೆಂಬುದು ಓದುಗರಿಗೆ ತಿಳಿದದ್ದೇ. ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ ಕನ್ನಡದ ಮಹಾಕಾವ್ಯ ರೂಪುಗೊಳ್ಳುತ್ತಿದ್ದ ತಲೆಮಾರಿನಲ್ಲೇ ಬೆಜವಾಡದ ಬೆಟ್ಟದಡಿಯಲ್ಲಿ ತೆಲುಗಿನ ಅಕ್ಕರ ಕಲ್ಲಿಗೇರಿತು. ಎರಡೂ ಚಲುಕ್ಯ ಮನೆಗಳು. ವೇಮುಲವಾಡದ ವಂಶಾವಳಿಯಲ್ಲಿಯೂ ಯುದ್ಧಮಲ್ಲರುಂಟು. ಲಿಪಿ ಆಗಿನ್ನೂ ಒಂದೇ.

ಯಾರು ಯಾರಿಂದ ತೆಗೆದುಕೊಂಡರು ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತುವುದು ರೂಢಿ. ಆ ಪ್ರಶ್ನೆಯೇ ಸಮರ್ಪಕವಲ್ಲವೆಂದು ನನಗೆ ತೋರುತ್ತದೆ. ಒಂದೇ ಲಿಪಿಯಲ್ಲಿ ಬರೆಯುತ್ತ, ಒಂದೇ ಬಗೆಯ ತಪಸ್ವಿಗಳಿಗೆ ಮಠ ಕಟ್ಟಿಸುತ್ತ, ಒಂದೇ ಹಾಡಿನ ಮಟ್ಟನ್ನು ಕೇಳುತ್ತ ಬೆಳೆದ ಜನ ಸಾಲಪತ್ರ ಬರೆದುಕೊಂಡು ಛಂದಸ್ಸನ್ನು ಕೊಂಡುಕೊಳ್ಳುವುದಿಲ್ಲ. ರಾಜಕೀಯದಲ್ಲಿಯಾದರೋ ಸಂಬಂಧ ಅಷ್ಟು ಸೌಮ್ಯವಾಗಿರಲಿಲ್ಲ. ಇಮ್ಮಡಿ ಯುದ್ಧಮಲ್ಲನು ಸಿಂಹಾಸನದಲ್ಲಿ ಉಳಿದದ್ದು ರಾಷ್ಟ್ರಕೂಟರ ಬೆಂಬಲದಿಂದ. ಚಾಲುಕ್ಯ ಭೀಮನು ಗೋವಿಂದನ ಸೈನ್ಯವನ್ನು ಸೋಲಿಸಿ ಅವನನ್ನು ಹೊರದೂಡಿದನು. ಆ ಕಾಲದ ವೇಂಗಿಯ ಪ್ರಜೆಗೆ ಪಶ್ಚಿಮದ ದಂಡೆಂದರೆ ಮೊದಲು ನೆನಪಿಗೆ ಬರುತ್ತಿದ್ದುದು ಕಾವ್ಯವಲ್ಲ, ಕೊಳ್ಳೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಅನಂತಪಾಲನು ೧೧೧೮ರ ಸುಮಾರಿಗೆ ವೇಂಗಿಯನ್ನು ಆಳಿದುದೂ, ದ್ರಾಕ್ಷಾರಾಮದ ಶಾಸನಗಳಲ್ಲಿ ಚಾಲುಕ್ಯ ವಿಕ್ರಮವರ್ಷ ಕಾಣಿಸಿಕೊಂಡುದೂ ದಂಡಿನ ಬಲದಿಂದಲೇ. ಅವನ ಹಿಂದೆಯೇ ಆ ಅಧಿಕಾರವೂ ಕರಗಿತು.

ಇನ್ನು ಉತ್ತರಕ್ಕೆ, ವಿಶಾಖಪಟ್ಟಣದ ಪಕ್ಕದ ಸಿಂಹಾಚಲಕ್ಕೆ ಹೋಗೋಣ. ವರಾಹನರಸಿಂಹನ ಈ ದೇವಾಲಯ ಬೆಟ್ಟಗಳ ಮಡಿಲಲ್ಲಿ ಪಶ್ಚಿಮಾಭಿಮುಖವಾಗಿ ನಿಂತಿದೆ. ಮೂಲಮೂರ್ತಿ ವರ್ಷವಿಡೀ ಚಂದನದ ಲೇಪದಿಂದ ಮುಚ್ಚಿರುತ್ತದೆ. ಅಕ್ಷಯತೃತೀಯೆಯೊಂದು ದಿನ ಚಂದನ ತೆಗೆದು ನಿಜರೂಪದ ದರ್ಶನ ಮಾಡಿಸುತ್ತಾರೆ. ಕುಲೋತ್ತುಂಗ ಚೋಳನ ಕಾಲದ, ಹನ್ನೊಂದನೆಯ ಶತಮಾನದ ಕೊನೆಯ ಶಾಸನವೇ ಇಲ್ಲಿಯ ಹಳೆಯದು. ಈಗ ಕಾಣುವ ಗುಡಿಯಾದರೋ ಪೂರ್ವ ಗಂಗರದು. ಕೊನಾರ್ಕದ ಸೂರ್ಯದೇವಾಲಯವನ್ನು ಕಟ್ಟಿಸಿದ ಒಂದನೆಯ ನರಸಿಂಹದೇವನೇ ಇದನ್ನೂ ಹೊಸದಾಗಿ ಕಟ್ಟಿಸಿದನೆಂದು ೧೨೬೭-೬೮ರ ಶಾಸನ ಹೇಳುತ್ತದೆ. ಉತ್ತರದ ನಾಟ್ಯಮಂಟಪದಲ್ಲಿ ಹದಿನಾರು ಸಾಲುಗಳಲ್ಲಿ ತೊಂಬತ್ತಾರು ಕಪ್ಪುಗಲ್ಲಿನ ಕಂಬಗಳಿವೆ. ವಿವರದಲ್ಲಿ ಒಂದರಂತೆ ಒಂದಿಲ್ಲ, ಆದರೂ ಒಟ್ಟಂದ ಕೆಡುವುದಿಲ್ಲ. ನಮ್ಮ ಸೋಮನಾಥಪುರದ ಕೇಶವದೇವಾಲಯ ೧೨೫೮ರದು. ಹೊಯ್ಸಳ ನರಸಿಂಹನ ದಂಡನಾಯಕನು ಕಾವೇರಿಯ ತೀರದಲ್ಲಿ ಗುಡಿ ಕಟ್ಟಿಸಿದ ಕಾಲಕ್ಕೂ ಗಂಗ ನರಸಿಂಹನ ಶಿಲ್ಪಿಗಳು ಈ ಬೆಟ್ಟದ ಮೇಲೆ ಕೆಲಸಮಾಡಿದ ಕಾಲಕ್ಕೂ ಹತ್ತಿಪ್ಪತ್ತು ವರ್ಷಗಳ ಅಂತರವೂ ಇಲ್ಲ. ಎರಡನ್ನೂ ನೋಡಿದವರು ಬಲ್ಲರು: ಸೋಮನಾಥಪುರದ ಶಿಲ್ಪಿಗೆ ಗೋಡೆಯ ಒಂದು ಅಂಗುಲವನ್ನೂ ಖಾಲಿ ಬಿಡಲು ಮನಸ್ಸು ಬಾರದು, ಸಿಂಹಾಚಲದವನು ಗುಡಿಯನ್ನು ಎತ್ತರವಾಗಿ, ಭಾರವಾಗಿ ಕಾಣಿಸಬೇಕೆಂದು ಬಯಸಿದವನು.

ಪೂರ್ವ ಗಂಗರ ವಿಷಯದಲ್ಲಿ ನಮ್ಮವರು ಇನ್ನೊಂದು ಮಾತನ್ನು ಹಿಗ್ಗಿನಿಂದ ಹೇಳುತ್ತಾರೆ. ಅನಂತವರ್ಮ ಚೋಡಗಂಗನ ಶಕ ೧೦೪೦ರ ವಿಶಾಖಪಟ್ಟಣ ತಾಮ್ರಶಾಸನದಲ್ಲಿ, ಆ ವಂಶದ ಮೂಲಪುರುಷನು ಗಂಗವಾಡಿಯಲ್ಲಿ ಕೋಲಾಹಲಪುರವನ್ನು ಕಟ್ಟಿದನೆಂದೂ, ಅವನ ಸಂತತಿಯ ಕಾಮಾರ್ಣವನು ತಮ್ಮಂದಿರೊಡನೆ ಹೊರಟು ಮಹೇಂದ್ರಗಿರಿಯ ಗೋಕರ್ಣಸ್ವಾಮಿಯನ್ನು ಆರಾಧಿಸಿ ಕಳಿಂಗವನ್ನು ಗೆದ್ದನೆಂದೂ ಇದೆ. ಕೋಲಾಹಲಪುರವೆಂದರೆ ಕೋಲಾರ. ಹಾಗಾದರೆ ಸಿಂಹಾಚಲವನ್ನೂ ಕೊನಾರ್ಕವನ್ನೂ ಕಟ್ಟಿಸಿದವರು ಕೋಲಾರದವರು! ಆದರೆ ಈ ಶಾಸನ ೧೧೧೮ರದು. ಅದಕ್ಕಿಂತ ನಾಲ್ಕೈದು ಶತಮಾನ ಹಿಂದಿನ ಕಳಿಂಗ ಗಂಗರ ತಾಮ್ರಪಟಗಳಲ್ಲಿ ಮಹೇಂದ್ರಗಿರಿಯ ಗೋಕರ್ಣಸ್ವಾಮಿಯ ಸ್ತುತಿಯುಂಟೇ ಹೊರತು ಕೋಲಾಹಲಪುರದ ಸುದ್ದಿಯಿಲ್ಲ. ದೊಡ್ಡ ರಾಜ್ಯ ಕಟ್ಟಿದ ದೊರೆಗೆ ದೊಡ್ಡ ವಂಶಾವಳಿಯೂ ಬೇಕಾಯಿತು; ಆಸ್ಥಾನದ ಪಂಡಿತನು, ತಲಕಾಡಿನ ಗಂಗರ ಕೀರ್ತಿಯನ್ನು ಕೇಳಿದ್ದವನು, ಅದನ್ನು ಒದಗಿಸಿಕೊಟ್ಟನು ಎನ್ನುವುದೇ ಹೆಚ್ಚು ಸಂಭವನೀಯ. ನಮ್ಮ ನಾಡಿನ ಹೆಸರು ಅಷ್ಟು ದೂರದಲ್ಲಿ ಗೌರವದ ಗುರುತಾಗಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ. ಅದಕ್ಕೂ ಮುಂದೆ ಹೋಗಲು ಆಧಾರ ಸಾಲದು.

ಕೃಷ್ಣದೇವರಾಯನ ವಿಚಾರವನ್ನು ವಿಸ್ತರಿಸಬೇಕಾಗಿಲ್ಲ. ೧೫೧೫ರಲ್ಲಿ ಕೊಂಡವೀಡನ್ನು, ಅನಂತರ ಬೆಜವಾಡದ ಸಮೀಪದ ಕೊಂಡಪಲ್ಲಿಯನ್ನು ಹಿಡಿದು, ೧೫೧೬ರ ಮಾರ್ಚಿಯಲ್ಲಿ ಅವನು ಸಿಂಹಾಚಲಕ್ಕೆ ಬಂದನು. ೯೯೧ ಮುತ್ತುಗಳ ಕಂಠಮಾಲೆಯನ್ನೂ ಇತರ ಆಭರಣಗಳನ್ನೂ ದೇವರಿಗೊಪ್ಪಿಸಿದನು. ಚಿನ್ನಾದೇವಿ ತಿರುಮಲದೇವಿಯರೂ ಕಾಣಿಕೆ ಸಲ್ಲಿಸಿದರು. ಆ ಶಾಸನದ ಭಾಷೆ ತೆಲುಗು. ಪೊಟ್ನೂರಿನಲ್ಲಿ ಜಯಸ್ತಂಭ ನಿಂತಿತು; ಆದರೆ ಗಜಪತಿಯೊಡನೆ ಸಂಧಿಯಾದಾಗ ಕೃಷ್ಣೆಯ ಉತ್ತರದ ನೆಲವನ್ನೆಲ್ಲ ಹಿಂದಿರುಗಿಸಿದ್ದಾಯಿತು. ಆ ದಂಡಯಾತ್ರೆಯಲ್ಲಿ ತಾನು ಬೆಜವಾಡದಲ್ಲಿ ತಂಗಿದ್ದುದನ್ನು ‘ಆಮುಕ್ತಮಾಲ್ಯದ’ದ ಪೀಠಿಕೆಯಲ್ಲಿ ಅವನೇ ಹೇಳಿಕೊಂಡಿದ್ದಾನೆ. ತೆಲುಗಿನಲ್ಲಿ ಕಾವ್ಯ ಬರೆಯೆಂದು ಆಜ್ಞೆಮಾಡುವ ಆಂಧ್ರವಿಷ್ಣು ಅವನನ್ನು ಸಂಬೋಧಿಸುವುದು ಕನ್ನಡರಾಯನೆಂದು. ಇದರ ಮೇಲೆ ಎರಡು ಪ್ರಾಂತಗಳ ಪಂಡಿತರು ನಡೆಸಿರುವ ಜಗಳಗಳನ್ನು ಇಲ್ಲಿ ಮುಂದುವರಿಸುವ ಇಚ್ಛೆ ನನಗಿಲ್ಲ.

ಸಿಂಹಾಚಲದಲ್ಲಿ ಕನ್ನಡಿಗನು ಗಮನವಿಟ್ಟು ಓದಬೇಕಾದದ್ದು ರಾಯನ ಮುತ್ತಿನ ಲೆಕ್ಕಕ್ಕಿಂತ ಹೆಚ್ಚಾಗಿ ನರಹರಿತೀರ್ಥರ ಹೆಸರುಳ್ಳ ಶಾಸನಗಳನ್ನು. ಮಧ್ವಾಚಾರ್ಯರ ನೇರ ಶಿಷ್ಯರಾದ ಇವರು ಕಳಿಂಗದಲ್ಲಿ ಬಹುಕಾಲ ಅಧಿಕಾರದಲ್ಲಿದ್ದರು. ಸಿಂಹಾಚಲಕ್ಕೂ ಉತ್ತರದಲ್ಲಿರುವ ಶ್ರೀಕೂರ್ಮದ ದೇವಾಲಯದ ಶಕ ೧೨೦೩ರ, ಎಂದರೆ ೧೨೮೧ರ, ಸಂಸ್ಕೃತ ಶಾಸನ ಈ ವಿಷಯದಲ್ಲಿ ಮುಖ್ಯವಾದದ್ದು. ಪುರುಷೋತ್ತಮತೀರ್ಥರು, ಅವರ ಶಿಷ್ಯ ಆನಂದತೀರ್ಥರು, ಅವರ ಶಿಷ್ಯ ನರಹರಿ ಎಂಬ ಪರಂಪರೆಯನ್ನು ಅದು ಕೊಡುತ್ತದೆ. ನರಹರಿತೀರ್ಥರು ಶಬರರ ಹಾವಳಿಯಿಂದ ಆ ಕ್ಷೇತ್ರವನ್ನು ಖಡ್ಗಹಿಡಿದು ಕಾಪಾಡಿದರೆಂದೂ, ಕೂರ್ಮನಾಥನ ಮುಂದೆ ಯೋಗಾನಂದ ನರಸಿಂಹನಿಗೆ ಗುಡಿ ಕಟ್ಟಿಸಿದರೆಂದೂ ತಿಳಿಸುತ್ತದೆ. ಸಂನ್ಯಾಸಿಯ ಕೈಗೆ ಖಡ್ಗ ಬಂದ ಈ ಪ್ರಸಂಗವನ್ನು ಮಠದ ಗ್ರಂಥಗಳಲ್ಲಿ ಮಾತ್ರ ಓದಿದ್ದರೆ ನಾವು ಭಕ್ತರ ಕಲ್ಪನೆಯೆಂದು ಬಿಟ್ಟುಬಿಡುತ್ತಿದ್ದೆವು. ಅದು ಸಮಕಾಲೀನ ಶಿಲಾಲೇಖದಲ್ಲಿದೆ.

ಈ ಶಾಸನಗಳಿಂದ ಇತ್ಯರ್ಥವಾದ ಸಂಗತಿ ಕಳಿಂಗಕ್ಕಿಂತ ಉಡುಪಿಗೆ ಹೆಚ್ಚು ಸಂಬಂಧಿಸಿದ್ದು. ‘ಮಹಾಭಾರತ ತಾತ್ಪರ್ಯನಿರ್ಣಯ’ದ ಮಾತನ್ನು ಅಕ್ಷರಶಃ ಹಿಡಿದರೆ ಆಚಾರ್ಯರ ಜನನ ಕಲಿ ೪೩೦೦ಕ್ಕೆ, ಸುಮಾರು ೧೧೯೯ಕ್ಕೆ, ಬೀಳುತ್ತದೆ, ಎಪ್ಪತ್ತೊಂಬತ್ತು ವರ್ಷದ ಆಯುಸ್ಸೆಂಬ ಸಂಪ್ರದಾಯವನ್ನು ಕೂಡಿಸಿದರೆ ೧೨೭೮ರ ಹೊತ್ತಿಗೆ ಅವರ ಅವತಾರ ಮುಗಿದಿರಬೇಕು. ಕೆಲವು ಮಠಗಳ ಪಟ್ಟಿಗಳು ಇನ್ನೂ ಹಿಂದಕ್ಕೆ ಹೋಗುತ್ತವೆ. ಆದರೆ ನರಹರಿತೀರ್ಥರು ಗುರುವಿನ ಅಪ್ಪಣೆಯಂತೆ ಕಳಿಂಗದಲ್ಲಿದ್ದು, ಅಲ್ಲಿಂದ ಮೂಲರಾಮ-ಸೀತೆಯರ ಪ್ರತಿಮೆಗಳನ್ನು ತಂದು ಗುರುವಿಗೇ ಒಪ್ಪಿಸಿದರೆಂಬುದೂ ಅದೇ ಸಂಪ್ರದಾಯದ ಮಾತು. ಶಾಸನಗಳಾದರೋ ಅವರನ್ನು ಶಕ ೧೨೧೫ರವರೆಗೆ, ಎಂದರೆ ೧೨೯೩ರವರೆಗೆ, ಕಳಿಂಗದಲ್ಲಿಯೇ ತೋರಿಸುತ್ತವೆ. ೧೨೭೮ರಲ್ಲಿ ಗುರು ಕಣ್ಮರೆಯಾಗಿದ್ದರೆ, ೧೨೯೩ರ ಅನಂತರ ಹಿಂದಿರುಗಿದ ಶಿಷ್ಯನು ಪ್ರತಿಮೆಗಳನ್ನು ಯಾರ ಕೈಗೆ ಕೊಟ್ಟನು? ಎಚ್. ಕೃಷ್ಣಶಾಸ್ತ್ರಿಗಳು ಶ್ರೀಕೂರ್ಮದ ಶಾಸನವನ್ನು ಪ್ರಕಟಿಸಿದ ಮೇಲೆ ಈ ತೊಡಕನ್ನು ಕಡೆಗಣಿಸುವುದು ಸಾಧ್ಯವಾಗದೆ ಹೋಯಿತು. ಬಿ. ಎನ್. ಕೆ. ಶರ್ಮರೇ ಮೊದಲಾದ ವಿದ್ವಾಂಸರು ಒಪ್ಪಿರುವ ೧೨೩೮–೧೩೧೭ ಎಂಬ ಕಾಲ ನಿಂತಿರುವುದು ಬಹಳಮಟ್ಟಿಗೆ ಈ ಪೂರ್ವತೀರದ ಕಂಬಗಳ ಮೇಲೆ. ಕಲಿ ೪೩೦೦ ಎಂಬುದನ್ನು ಶತಮಾನದ ಸ್ಥೂಲನಿರ್ದೇಶವೆಂದು ತಿಳಿದರೆ ಗ್ರಂಥಕ್ಕೂ ಶಾಸನಕ್ಕೂ ವಿರೋಧ ಉಳಿಯುವುದಿಲ್ಲ.

ನರಹರಿತೀರ್ಥರು ಕಳಿಂಗದಿಂದ ಮರಳಿ, ಪದ್ಮನಾಭತೀರ್ಥರ ಅನಂತರ ೧೩೨೪ರಿಂದ ೧೩೩೩ರವರೆಗೆ ಪೀಠದಲ್ಲಿದ್ದರೆಂದು ಪರಂಪರೆಯ ಲೆಕ್ಕ. ಕನ್ನಡದಲ್ಲಿ ಹರಿಕೀರ್ತನೆಗಳನ್ನು ರಚಿಸಿದವರಲ್ಲಿ ಮೊದಲಿಗರೆಂದು ದಾಸಸಾಹಿತ್ಯ ಅವರನ್ನು ಸ್ಮರಿಸುತ್ತದೆ. ಅವರ ಹೆಸರಿನಲ್ಲಿ ಉಳಿದಿರುವ ಕೀರ್ತನೆಗಳು ಬೆರಳೆಣಿಕೆಯವು. ಕಳಿಂಗದ ಶಾಸನಗಳಲ್ಲಿ ಕನ್ನಡದ ಒಂದು ಸಾಲೂ ಅವರಿಂದಿಲ್ಲ. ಅವರ ವೃಂದಾವನ ಹಂಪೆಯಲ್ಲಿ, ತುಂಗಭದ್ರೆಯ ಚಕ್ರತೀರ್ಥದ ಸಮೀಪದಲ್ಲಿದೆ.